ಎದುರಾಳಿಯ ಮನೆಯ ಅಳು

ಯುದ್ಧದಲ್ಲಿ ಗೆದ್ದವರು ಸೋತವರ ಮನೆಯ ಅಳುವನ್ನು ಬರೆಯಬಹುದೇ? ಬರೆದರೆ ಅದು ತಮ್ಮ ಜನಕ್ಕೆ ಬಗೆದ ದ್ರೋಹವಾಗುತ್ತದೆಯೇ? ಈ ಪ್ರಶ್ನೆಯನ್ನು ಒಡಲಲ್ಲಿಟ್ಟುಕೊಂಡ ಒಂದು ಹಳೆಯ ಕೃತಿ ಕನ್ನಡಕ್ಕೆ ಬಂದು ತೊಂಬತ್ತು ವರ್ಷಗಳಾದವು. 1935ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ನಾಟಕವನ್ನು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಿಸಿದರು. ಕ್ರಿ.ಪೂ. 472ರಲ್ಲಿ ಅಥೆನ್ಸಿನ ರಂಗದ ಮೇಲೆ ಬಂದ ಈ ನಾಟಕ, ಇಂದು ಪೂರ್ತಿಯಾಗಿ ಉಳಿದಿರುವ ಗ್ರೀಕ್ ರುದ್ರನಾಟಕಗಳಲ್ಲೆಲ್ಲ ಹಳೆಯದು. ಅದಕ್ಕೆ ಎಂಟು ವರ್ಷ ಮೊದಲು ಪರ್ಷಿಯಾದ ದೊರೆ ಜರ್ಕ್ಸಸ್‌ನ ಸೈನ್ಯ ಅಥೆನ್ಸಿಗೆ ನುಗ್ಗಿ ಊರಿಗೆ ಬೆಂಕಿ ಇಟ್ಟಿತ್ತು. ಆಮೇಲೆ ಸಲಾಮಿಸ್‌ನ ಕಡಲ ಕಾಳಗದಲ್ಲಿ ಸೋತು ಹಿಂದೆ ಸರಿದಿತ್ತು. ಈಸ್ಕಿಲಸ್ ಸ್ವತಃ ಪರ್ಷಿಯನ್ನರ ವಿರುದ್ಧ ಕಾದಾಡಿದವನು. ಅವನ ಸಹೋದರ ಮ್ಯಾರಥಾನ್ ಯುದ್ಧದಲ್ಲಿ ಸತ್ತಿದ್ದ. ಇಂಥವನು ಗೆಲುವಿನ ನಾಟಕ ಬರೆಯಲು ಕುಳಿತಾಗ ಕಥೆಯನ್ನು ಅಥೆನ್ಸಿನಲ್ಲಿ ನಡೆಸಲಿಲ್ಲ. ಪರ್ಷಿಯಾದ ರಾಜಧಾನಿಯಲ್ಲಿ, ಮಗನ ಸುದ್ದಿಗಾಗಿ ಕಾಯುತ್ತಿರುವ ತಾಯಿಯ ಎದುರಿನಲ್ಲಿ ನಡೆಸಿದ. ಮಕ್ಕಳನ್ನು ಕಳೆದುಕೊಂಡ ಶತ್ರುದೇಶದ ಮನೆಗಳ ಗೋಳನ್ನು, ಮನೆ ಸುಟ್ಟುಹೋಗಿದ್ದ ಅಥೆನ್ಸಿನ ಜನ ಕುಳಿತು ಕೇಳಿದರು. ಆ ನಾಟಕಕ್ಕೆ ಅವರು ಬಹುಮಾನವನ್ನೂ ಕೊಟ್ಟರು.

ಶ್ರೀಕಂಠಯ್ಯನವರ ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಅವರ ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದಲ್ಲಿ. ಅವರ ತಂದೆ ಮೈಲಾರಯ್ಯನವರು ಅಲ್ಲಿ ವಕೀಲರಾಗಿದ್ದರು. ಕೋಟೆ ಬಿದ್ದ ಊರಿನಲ್ಲಿ ಬೆಳೆದ ಹುಡುಗ ದೊಡ್ಡವನಾಗಿ ಸೋತ ರಾಜಧಾನಿಯ ನಾಟಕವನ್ನು ಕನ್ನಡಿಸಿದ್ದಕ್ಕೆ ಕಾರ್ಯಕಾರಣ ಸಂಬಂಧ ಹಚ್ಚಬೇಕಾಗಿಲ್ಲ. ಆದರೆ ಆ ನಾಟಕ ಎತ್ತುವ ಪ್ರಶ್ನೆ ಈ ಸೀಮೆಗೆ ಹೊರಗಿನದಲ್ಲ ಎಂಬುದನ್ನು ಮುಂದೆ ನೋಡೋಣ.

ಮೂಲೆಯಲ್ಲಿದ್ದವರು ಮಾತಾಡಿದಾಗ

ಕಳೆದ ಎರಡು ದಶಕಗಳಲ್ಲಿ ಇಂಗ್ಲಿಷಿನಲ್ಲಿ ಗ್ರೀಕ್ ಪುರಾಣಗಳನ್ನು ತಿರುಗಿ ಹೇಳುವ ಕಾದಂಬರಿಗಳು ಸಾಲುಸಾಲಾಗಿ ಬಂದಿವೆ. 2005ರಲ್ಲಿ ಕೆನಡಾದ ಮಾರ್ಗರೆಟ್ ಅಟ್‌ವುಡ್ ‘ದ ಪೆನೆಲೋಪಿಯಾಡ್’ ಬರೆದರು. ಹೋಮರನ ‘ಒಡಿಸ್ಸಿ’ಯಲ್ಲಿ ನಾಯಕ ಒಡಿಸ್ಯೂಸ್ ಇಪ್ಪತ್ತು ವರ್ಷಗಳ ನಂತರ ಮನೆಗೆ ಮರಳಿ, ಹೆಂಡತಿಯ ಬೆನ್ನುಬಿದ್ದಿದ್ದ ಗಂಡಸರನ್ನು ಕೊಲ್ಲುತ್ತಾನೆ. ಆಮೇಲೆ ಅವರ ಜೊತೆ ಮಲಗಿದ್ದರೆಂಬ ಆರೋಪದ ಮೇಲೆ ಮನೆಯ ಹನ್ನೆರಡು ದಾಸಿಯರನ್ನು ಅವನ ಮಗ ಒಂದೇ ಹಗ್ಗಕ್ಕೆ ನೇತುಹಾಕುತ್ತಾನೆ. ಮೂಲ ಕಾವ್ಯದಲ್ಲಿ ಇದು ಕೆಲವೇ ಸಾಲುಗಳಲ್ಲಿ ಮುಗಿದುಹೋಗುವ ಸಂಗತಿ. ಅಟ್‌ವುಡ್ ಅವರ ಕಾದಂಬರಿಯಲ್ಲಿ ಆ ಹನ್ನೆರಡು ಜನರೇ ಮೇಳವಾಗಿ ನಿಂತು ಲೆಕ್ಕ ಕೇಳುತ್ತಾರೆ. 2011ರಲ್ಲಿ ಅಮೆರಿಕದ ಮ್ಯಾಡಲಿನ್ ಮಿಲ್ಲರ್ ಟ್ರಾಯ್ ಯುದ್ಧದ ಕಥೆಯನ್ನು ವೀರ ಅಕಿಲೀಸನ ಗೆಳೆಯ ಪೆಟ್ರೋಕ್ಲಸ್‌ನ ಬಾಯಿಂದ ಹೇಳಿಸಿದರು. 2018ರಲ್ಲಿ ಇಂಗ್ಲೆಂಡಿನ ಪ್ಯಾಟ್ ಬಾರ್ಕರ್ ‘ದ ಸೈಲೆನ್ಸ್ ಆಫ್ ದ ಗರ್ಲ್ಸ್’ನಲ್ಲಿ ಅದೇ ಯುದ್ಧವನ್ನು ಬ್ರಿಸೀಸ್ ಎಂಬ ಸೆರೆಯಾಳಿನ ಕಣ್ಣಿನಿಂದ ತೋರಿಸಿದರು.

ಈ ಕಾದಂಬರಿಗಳ ಬಗ್ಗೆ ಎರಡು ಆಕ್ಷೇಪಗಳಿವೆ. ಒಂದು, ಮಹಾಕಾವ್ಯವನ್ನು ಮುಟ್ಟಬಾರದು, ಹೊಸ ವಿಚಾರ ಹೇಳಬೇಕಿದ್ದರೆ ಹೊಸ ಕಥೆ ಕಟ್ಟಿಕೊಳ್ಳಲಿ ಎಂಬುದು. ಎರಡು, ಇವು ಇಂದಿನ ರಾಜಕೀಯವನ್ನು ಅಂದಿನವರ ಬಾಯಿಗೆ ತುರುಕುತ್ತವೆ ಎಂಬುದು. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ. ಈ ಬಗೆಯ ಕೆಲವು ಪುಸ್ತಕಗಳಲ್ಲಿ ಪುರಾಣದ ಹೆಂಗಸು ಇಂದಿನ ದೂರದರ್ಶನ ಚರ್ಚೆಗೆ ಬಂದವಳಂತೆ ಮಾತಾಡುವುದುಂಟು. ಮೊದಲನೆಯ ಆಕ್ಷೇಪ ಮಾತ್ರ ಗ್ರೀಕರ ಚರಿತ್ರೆಯ ಎದುರು ನಿಲ್ಲುವುದಿಲ್ಲ. ಅವರಲ್ಲಿ ಕಥೆ ಯಾವತ್ತೂ ಒಂದೇ ರೂಪದಲ್ಲಿ ನಿಂತದ್ದಲ್ಲ. ಹೋಮರನ ‘ಇಲಿಯಡ್’ ಗ್ರೀಕರ ವಿಜಯದಲ್ಲಿ ಮುಗಿಯುವುದಿಲ್ಲ, ಶತ್ರುಪಕ್ಷದ ಹೆಕ್ಟರ್‌ನ ಶವಸಂಸ್ಕಾರದಲ್ಲಿ ಮುಗಿಯುತ್ತದೆ. ಕ್ರಿ.ಪೂ. 416-415ರಲ್ಲಿ ಅಥೆನ್ಸಿನವರು ಮೆಲೋಸ್ ಎಂಬ ದ್ವೀಪವನ್ನು ಗೆದ್ದು ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾಡಿದರು. ಕ್ರಿ.ಪೂ. 415ರ ವಸಂತದಲ್ಲೇ ಯೂರಿಪಿಡೀಸ್ ಟ್ರಾಯ್‌ನ ಸೆರೆಯಾದ ಹೆಂಗಸರ ಅಳುವನ್ನು ಅದೇ ಅಥೆನ್ಸಿನ ಜನರ ಮುಂದೆ ನಾಟಕವಾಗಿ ಇಟ್ಟ. ಪುರಾಣವನ್ನು ಮುಂದಿಟ್ಟುಕೊಂಡು ತನ್ನ ಊರನ್ನೇ ಪ್ರಶ್ನಿಸುವ ಕೆಲಸ ಆಗಲೇ ಶುರುವಾಗಿತ್ತು.

ಹೊಸ ಕಾದಂಬರಿಗಳು ಹಳೆಯವರು ಬಿಟ್ಟ ಕಡೆಯಿಂದ ಒಂದು ಹೆಜ್ಜೆ ಮುಂದಿಡುತ್ತವೆ. ‘ಇಲಿಯಡ್’ನ ಕೊನೆಯಲ್ಲಿ ಮುದುಕ ದೊರೆ ಪ್ರಿಯಾಮ್ ರಾತ್ರಿ ವೈರಿಯ ಡೇರೆಗೆ ಬಂದು, ತನ್ನ ಮಗನನ್ನು ಕೊಂದ ಅಕಿಲೀಸನ ಕೈಗೆ ಮುತ್ತಿಟ್ಟು ಹೆಣವನ್ನು ಬೇಡುತ್ತಾನೆ. ಇಬ್ಬರೂ ಅಳುತ್ತಾರೆ. ಜಗತ್ತಿನ ಸಾಹಿತ್ಯದಲ್ಲಿ ಶತ್ರುಗಳ ನಡುವಿನ ಕರುಣೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕುವುದು ಕಷ್ಟ. ಬಾರ್ಕರ್ ಅವರ ಬ್ರಿಸೀಸ್ ಅದೇ ಡೇರೆಯಲ್ಲಿದ್ದು ಈ ದೃಶ್ಯವನ್ನು ನೋಡುತ್ತಾಳೆ. ಅವಳ ಗಂಡನನ್ನೂ ಸಹೋದರರನ್ನೂ ಕೊಂದವನು ಇದೇ ಅಕಿಲೀಸ್. ಮುದುಕ ಒಂದು ರಾತ್ರಿ ಮಾಡಿದ್ದನ್ನು ಕಂಡು ಎಲ್ಲರೂ ಬೆರಗಾಗುತ್ತಾರೆ. ಕೊಂದವನ ಹಾಸಿಗೆಯಲ್ಲಿ ದಿನವೂ ಮಲಗಬೇಕಾದ ತನ್ನಂಥ ಹೆಂಗಸರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅವಳ ಮನಸ್ಸು ಹೇಳುತ್ತದೆ. ಹೋಮರನ ಕರುಣೆ ಸುಳ್ಳೆಂದು ಅವಳು ಹೇಳುತ್ತಿಲ್ಲ. ಆ ಕರುಣೆಗೆ ಕಾಣದೆ ಉಳಿದ ಒಂದು ಮೂಲೆಯನ್ನು ತೋರಿಸುತ್ತಿದ್ದಾಳೆ.

ಅಜಾಕ್ಸ್ ಅಶ್ವತ್ಥಾಮನಾದದ್ದು

ಕನ್ನಡದಲ್ಲಿ ಈ ಕೆಲಸ ಹೊಸದಲ್ಲ. ಪಂಪ ಹತ್ತನೆಯ ಶತಮಾನದಲ್ಲಿ ಅರ್ಜುನನನ್ನು ನಾಯಕನಾಗಿಟ್ಟುಕೊಂಡು ಭಾರತವನ್ನು ಬರೆದರೂ ಓದುಗರ ಮನಸ್ಸನ್ನು ಕರ್ಣನ ಕಡೆ ತಿರುಗಿಸಿದ. ರನ್ನ ಭೀಮನ ಗೆಲುವನ್ನು ಹಾಡಲು ಹೊರಟು ದುರ್ಯೋಧನನ ಕೊನೆಯ ದಿನಕ್ಕೆ ಘನತೆ ತಂದುಕೊಟ್ಟ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಆ ಕಾವ್ಯವನ್ನೇ ‘ಗದಾಯುದ್ಧ ನಾಟಕ’ವಾಗಿ ರೂಪಿಸಿದರು. ಸೋತವನ ಮೇಲೆ ನೋವು ಹುಟ್ಟಿಸುವ ಗ್ರೀಕರ ಕ್ರಮಕ್ಕೆ ಹೋಲುವಂಥದ್ದನ್ನು ಅವರು ಹಳಗನ್ನಡದಲ್ಲೇ ಕಂಡಿದ್ದರು.

1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಅವರು ಇನ್ನೂ ದೂರ ಹೋದರು. ಸೊಫೋಕ್ಲೀಸನ ‘ಅಜಾಕ್ಸ್’ ನಾಟಕದ ಚೌಕಟ್ಟಿನಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ಕೂರಿಸಿದರು. ಗ್ರೀಕ್ ವೀರ ಅಜಾಕ್ಸ್ ಅವಮಾನದಿಂದ ಕುದಿದು, ದೇವತೆ ಹಬ್ಬಿಸಿದ ಭ್ರಮೆಯಲ್ಲಿ ದನಕುರಿಗಳನ್ನು ತನ್ನ ವೈರಿಗಳೆಂದು ಕಡಿದುಹಾಕುತ್ತಾನೆ. ಎಚ್ಚರವಾದಾಗ ನಾಚಿಕೆಯಿಂದ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಕನ್ನಡದ ಅಶ್ವತ್ಥಾಮನೂ ತನ್ನ ಜೀವವನ್ನು ತಾನೇ ತೆಗೆದುಕೊಳ್ಳುತ್ತಾನೆ. ಆದರೆ ನಮ್ಮ ಪುರಾಣದಲ್ಲಿ ಅಶ್ವತ್ಥಾಮ ಚಿರಂಜೀವಿ. ಚಿರಂಜೀವಿಯನ್ನು ಸಾಯಿಸಿದ್ದು ಸರಿಯೇ ಎಂಬ ಪ್ರಶ್ನೆ ಕನ್ನಡ ವಿಮರ್ಶೆಯಲ್ಲಿ ಹಲವು ಕಾಲ ಚರ್ಚೆಯಾಯಿತು. ಕುವೆಂಪು ಅವರು ಶಂಬೂಕನ ಕಥೆಯನ್ನು ಬದಲಿಸಿ ‘ಶೂದ್ರ ತಪಸ್ವಿ’ ಬರೆದಾಗಲೂ ಇಂಥದೇ ವಾದ ಎದ್ದಿತು. ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರಿಸಿದರು. 1979ರಲ್ಲಿ ಎಸ್.ಎಲ್. ಭೈರಪ್ಪನವರ ‘ಪರ್ವ’ ಬಂದಾಗ ದೇವರು, ವರ, ಪವಾಡಗಳಿಲ್ಲದ ಮಹಾಭಾರತವನ್ನು ಕುಂತಿ, ದ್ರೌಪದಿ, ಕರ್ಣರ ನೆನಪುಗಳ ಮೂಲಕ ಓದಿದವರು ಮತ್ತೆ ಅದೇ ಪ್ರಶ್ನೆಯನ್ನು ಕೇಳಿದರು: ಕಥೆ ಯಾರದು? ಅದನ್ನು ಎಷ್ಟು ಬದಲಿಸಬಹುದು?

ಮಂಡ್ಯ ಜಿಲ್ಲೆಯ ನೆಲ ಈ ಪ್ರಶ್ನೆಗೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನವಿದೆ. ಅದರ ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಆನೆ, ಕುದುರೆಗಳ ಸಾಲಿನ ಮೇಲೆ ರಾಮಾಯಣ, ಮಹಾಭಾರತಗಳ ಕಥೆ ಕಲ್ಲಿನಲ್ಲಿ ಓಡುತ್ತದೆ. ಒಂದು ಗೇಣು ಎತ್ತರದ ಪಟ್ಟಿಯಲ್ಲಿ ಇಡೀ ಭಾರತ ಹಿಡಿಸುವುದಿಲ್ಲ. ಯಾವ ಸನ್ನಿವೇಶ ಇರಬೇಕು, ಯಾವುದು ಬೇಡ ಎಂದು ಶಿಲ್ಪಿ ತೀರ್ಮಾನಿಸಲೇಬೇಕಾಗಿತ್ತು. ಆ ತೀರ್ಮಾನವೇ ಕಥೆಯನ್ನು ಮತ್ತೆ ಹೇಳುವ ಕೆಲಸ. ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಸಾಕ್ರೆಟೀಸನ ಕೊನೆಯ ದಿನಗಳನ್ನು ಕನ್ನಡಕ್ಕೆ ತಂದರು. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಅಹಲ್ಯೆಯ ಕಥೆಯನ್ನು ಗೀತನಾಟಕವಾಗಿ ಬರೆದು, ಶಾಪಗ್ರಸ್ತೆಯ ಒಳಮನಸ್ಸಿಗೆ ದನಿ ಕೊಟ್ಟರು.

ಪಾಂಡವಪುರದಲ್ಲಿ ಊರಿನ ಹೆಸರೇ ಮರುಕಥನ. ಮೊದಲು ಅದು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ‘ಫ್ರೆಂಚ್ ರಾಕ್ಸ್’ ಆಯಿತು. ಆಮೇಲೆ ಪಾಂಡವಪುರವಾಯಿತು. ಪಕ್ಕದ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಡನೆ ತಂಗಿದ್ದರೆಂದು ಜನ ನಂಬುತ್ತಾರೆ. ಬಂಡೆಗಳ ಮೇಲೆ ಕುಂತಿಯ ಹೆಸರು ನಿಂತಿತು, ಫ್ರೆಂಚರ ಹೆಸರು ಅಳಿಸಿತು. ಜನ ತಮಗೆ ಬೇಕಾದ ನೆನಪನ್ನು ಉಳಿಸಿಕೊಳ್ಳುತ್ತಾರೆ.

ಆ ಕುಂತಿಯ ಬದುಕಿನಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಒಂದು ಗಳಿಗೆ ಇದೆ. ಯುದ್ಧ ಮುಗಿದಿದೆ. ಪಾಂಡವರು ಗೆದ್ದಿದ್ದಾರೆ. ಗಂಗೆಯ ದಡದಲ್ಲಿ ಸತ್ತವರಿಗೆ ತರ್ಪಣ ಬಿಡಲಾಗುತ್ತಿದೆ. ಆಗ ಕುಂತಿ ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಹಿರಿಯಣ್ಣ ಎಂದು ಮಕ್ಕಳಿಗೆ ಹೇಳುತ್ತಾಳೆ. ಸುಮ್ಮನಿದ್ದಿದ್ದರೆ ಗೆದ್ದ ರಾಜರ ತಾಯಿಯಾಗಿ ಗೌರವದಿಂದ ಇರಬಹುದಿತ್ತು. ಬಾಯಿ ಬಿಟ್ಟದ್ದರಿಂದ ಮದುವೆಗೆ ಮುಂಚಿನ ಗುಟ್ಟು ಹೊರಬಿತ್ತು. ಮಗ ಧರ್ಮರಾಯ ಅವಳ ಮೇಲಿನ ನೋವಿನಲ್ಲಿ ಹೆಣ್ಣುಕುಲಕ್ಕೇ ಶಾಪ ಕೊಟ್ಟ. ಶತ್ರುವಿನ ಹೆಣಕ್ಕೆ ಒಂದು ಬೊಗಸೆ ನೀರು ಕೊಡಿಸಲು ಆಕೆ ತನ್ನ ಮಾನವನ್ನೇ ಪಣಕ್ಕೆ ಇಟ್ಟಳು.

ಒಂದು ಹಿಡಿ ಮಣ್ಣು

ಗ್ರೀಕರಲ್ಲಿ ಈ ಪ್ರಶ್ನೆ ಬೊಗಸೆ ನೀರಿನ ಬದಲು ಹಿಡಿ ಮಣ್ಣಿನ ರೂಪದಲ್ಲಿ ಬರುತ್ತದೆ. ಸೊಫೋಕ್ಲೀಸನ ‘ಆಂಟಿಗೊನಿ’ಯಲ್ಲಿ ಊರಿನ ಮೇಲೆ ದಂಡೆತ್ತಿ ಬಂದು ಸತ್ತವನ ಹೆಣವನ್ನು ಮಣ್ಣು ಮಾಡಬಾರದೆಂದು ದೊರೆ ಕ್ರಿಯಾನ್ ಆಜ್ಞೆ ಹೊರಡಿಸುತ್ತಾನೆ. ಸತ್ತವನ ತಂಗಿ ಆಂಟಿಗೊನಿ ಹೋಗಿ ಹೆಣದ ಮೇಲೆ ಮಣ್ಣು ಹಾಕುತ್ತಾಳೆ, ಅದಕ್ಕಾಗಿ ಸಾಯುತ್ತಾಳೆ. ಪಿ. ಲಂಕೇಶರ ಅನುವಾದದ ಮೂಲಕ ಕನ್ನಡಿಗರಿಗೂ ಈಕೆ ಪರಿಚಿತಳು.

ಪಾಕಿಸ್ತಾನ ಮೂಲದ ಲೇಖಕಿ ಕಮಿಲಾ ಶಮ್ಸಿ 2017ರಲ್ಲಿ ‘ಹೋಮ್ ಫೈರ್’ ಎಂಬ ಕಾದಂಬರಿಯಲ್ಲಿ ಈ ಕಥೆಯನ್ನು ಇಂದಿನ ಲಂಡನ್ನಿಗೆ ತಂದರು. ಮರುವರ್ಷ ಅದಕ್ಕೆ ಬ್ರಿಟನ್ನಿನ ಮಹಿಳಾ ಕಾದಂಬರಿ ಪ್ರಶಸ್ತಿ ಬಂತು. ತಂದೆತಾಯಿ ಇಲ್ಲದ ಮೂವರು ಮುಸ್ಲಿಮ್ ಮಕ್ಕಳು: ಇಸ್ಮಾ, ಅನೀಕಾ, ಪರ್ವೇಜ್. ಹುಡುಗ ದಾರಿ ತಪ್ಪಿ ಸಿರಿಯಾಕ್ಕೆ ಹೋಗಿ ಐಸಿಸ್ ಸೇರುತ್ತಾನೆ. ತಪ್ಪಿನ ಅರಿವಾಗಿ ಮರಳಲು ಹೊರಟಾಗ ಕೊಲೆಯಾಗುತ್ತಾನೆ. ಬ್ರಿಟನ್ನಿನ ಗೃಹಮಂತ್ರಿ, ಆತನೂ ಮುಸ್ಲಿಮ್ ಹಿನ್ನೆಲೆಯವನೇ, ಆ ಹೆಣಕ್ಕೆ ಬ್ರಿಟನ್ನಿನ ಮಣ್ಣಿಲ್ಲ ಎನ್ನುತ್ತಾನೆ. ಹೆಣ ಕರಾಚಿಗೆ ಹೋಗುತ್ತದೆ. ಅವಳಿ ಸಹೋದರಿ ಅನೀಕಾ ಅಲ್ಲಿಗೆ ಹೋಗಿ, ಬಯಲಿನಲ್ಲಿ ಮಂಜುಗಡ್ಡೆಯ ನಡುವೆ ಸಹೋದರನ ದೇಹವನ್ನಿಟ್ಟುಕೊಂಡು, ಅವನನ್ನು ಮನೆಗೆ ಕಳಿಸಿ ಎಂದು ಕೂರುತ್ತಾಳೆ.

ಶಮ್ಸಿ ಪರ್ವೇಜ್‌ನನ್ನು ಅಮಾಯಕನೆಂದು ತೋರಿಸಲು ಹೋಗುವುದಿಲ್ಲ. ಅವನು ಸೇರಿದ ಗುಂಪು ಮಾಡಿದ ಘೋರಗಳೂ ಕಾದಂಬರಿಯಲ್ಲಿವೆ. ಹಾಗಿದ್ದೂ ಓದುಗ ಅವನ ಹೆಣದ ಮುಂದೆ ನಿಲ್ಲಬೇಕಾಗುತ್ತದೆ. ಇಲ್ಲಿ ನಾವು ಮರೆಯುವ ಒಂದು ವ್ಯತ್ಯಾಸವಿದೆ. ಒಬ್ಬನಿಗಾಗಿ ಅಳುವುದು ಬೇರೆ, ಅವನನ್ನು ತಪ್ಪಿನಿಂದ ಬಿಡುಗಡೆ ಮಾಡುವುದು ಬೇರೆ. ಮಣ್ಣು ಮಾಡುವವರು ತೀರ್ಪು ಕೊಡುತ್ತಿಲ್ಲ. ಸೊಫೋಕ್ಲೀಸನ ‘ಅಜಾಕ್ಸ್’ನಲ್ಲೂ ಇದೇ ಇದೆ. ಅಜಾಕ್ಸ್ ಸತ್ತ ಮೇಲೆ ಗ್ರೀಕ್ ದೊರೆಗಳು ಹೆಣವನ್ನು ಹದ್ದು ನಾಯಿಗಳಿಗೆ ಬಿಡಬೇಕೆನ್ನುತ್ತಾರೆ. ಮಣ್ಣು ಮಾಡಲೇಬೇಕು ಎಂದು ವಾದಿಸುವವನು ಒಡಿಸ್ಯೂಸ್, ಅಜಾಕ್ಸ್ ಕೊಲ್ಲಬೇಕೆಂದಿದ್ದ ವೈರಿಗಳಲ್ಲಿ ಮುಖ್ಯನಾದವನು. ನನಗೂ ಒಂದು ದಿನ ಇದೇ ಬೇಕಾಗುತ್ತದೆ ಎಂಬುದು ಅವನು ಕೊಡುವ ಕಾರಣ.

ಮುಸ್ಲಿಮ್ ಓದುಗರಿಗೆ ಇದು ಅಪರಿಚಿತ ನೀತಿಯಲ್ಲ. ಒಮ್ಮೆ ಶವಯಾತ್ರೆಯೊಂದು ಹಾದುಹೋದಾಗ ಪ್ರವಾದಿ ಮುಹಮ್ಮದ್(ಸ) ಎದ್ದು ನಿಂತರು. ಅದು ಯಹೂದಿಯ ಶವ ಎಂದು ಜೊತೆಯವರು ಹೇಳಿದಾಗ, ಅವನೂ ಒಂದು ಜೀವವಲ್ಲವೇ ಎಂಬ ಅರ್ಥದಲ್ಲಿ ಮರುಪ್ರಶ್ನೆ ಹಾಕಿದರೆಂದು ಹದೀಸ್ ಹೇಳುತ್ತದೆ. ಶತ್ರುವಿನ ಹೆಣವನ್ನು ವಿಕಾರಗೊಳಿಸುವುದನ್ನೂ ಅವರು ನಿಷೇಧಿಸಿದ್ದರು. ಹೆಕ್ಟರ್‌ನ ಹೆಣವನ್ನು ರಥಕ್ಕೆ ಕಟ್ಟಿ ಎಳೆದ ಅಕಿಲೀಸನನ್ನು ನೆನೆದರೆ ಈ ನಿಷೇಧದ ಮಹತ್ವ ತಿಳಿಯುತ್ತದೆ. ಕರ್ಬಲಾದಲ್ಲಿ ಹುಸೇನರ ದೇಹ ಬಯಲಿನಲ್ಲಿ ಉಳಿದಾಗ, ಸೆರೆಯಾಳಾಗಿ ಡಮಾಸ್ಕಸ್ಸಿಗೆ ಹೋದ ತಂಗಿ ಝೈನಬ್ ಯಜೀದನ ಆಸ್ಥಾನದಲ್ಲೇ ನಿಂತು ಮಾತಾಡಿದರು. ಆಂಟಿಗೊನಿಯ ಕಥೆಯನ್ನು ಓದಿದವರಿಗೆ ಝೈನಬರ ನೆನಪಾಗದೆ ಇರದು. ಆ ನೆನಪನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಪದಗಳಾಗಿ ಹಿಂದೂಗಳೂ ಮುಸ್ಲಿಮರೂ ಹಾಡಿಕೊಂಡು ಬಂದಿದ್ದಾರೆ. ದೂರದ ಅರಬರ ಅಳುವನ್ನು ಕನ್ನಡದ ರೈತ ತನ್ನ ಮನೆಯ ಅಳುವಾಗಿ ಮಾಡಿಕೊಂಡ. ಇದೂ ಮರುಕಥನವೇ.

ಅಗ್ಗದ ಕರುಣೆ

ಹಾಗಾದರೆ ಶತ್ರುವಿಗಾಗಿ ಅಳುವ ಕಥೆಯೆಲ್ಲ ಒಳ್ಳೆಯದೇ? ಇಲ್ಲಿ ಎಚ್ಚರ ಬೇಕು. ಎಡ್ವರ್ಡ್ ಸಯೀದ್ ತಮ್ಮ 1978ರ ‘ಓರಿಯಂಟಲಿಸಂ’ ಪುಸ್ತಕದಲ್ಲಿ ‘ಪಾರಸಿಕರು’ ನಾಟಕದ ಮೇಲೆ ಬೇರೆಯೇ ಬೆಳಕು ಚೆಲ್ಲಿದರು. ಏಷ್ಯಾ ಅಲ್ಲಿ ತಾನಾಗಿ ಮಾತಾಡುತ್ತಿಲ್ಲ, ಯುರೋಪು ಅದರ ಬಾಯಿಂದ ಮಾತಾಡಿಸುತ್ತಿದೆ. ಸೋತ, ಗೋಳಾಡುವ ಪೂರ್ವದ ಚಿತ್ರ ಅಲ್ಲಿಂದಲೇ ಶುರುವಾಗುತ್ತದೆ ಎಂಬುದು ಅವರ ವಾದದ ತಿರುಳು. ಇದನ್ನು ತಳ್ಳಿಹಾಕುವಂತಿಲ್ಲ. ಗೆದ್ದವನ ಕರುಣೆ ಗೆಲುವಿನ ಕಿರೀಟಕ್ಕೆ ಸಿಕ್ಕಿಸಿದ ಇನ್ನೊಂದು ಗರಿಯಾಗಬಹುದು.

ಶ್ರೀರಂಗಪಟ್ಟಣ ಇದನ್ನು ಕಣ್ಣಾರೆ ಕಂಡಿದೆ. 1799ರ ಮೇ 4ರಂದು ಕೋಟೆ ಬಿತ್ತು. ಟಿಪ್ಪು ಕಾದಾಡುತ್ತ ಸತ್ತ. ಹೆಣಗಳ ರಾಶಿಯ ನಡುವೆ ಅವನ ದೇಹವನ್ನು ಹುಡುಕಿ ತೆಗೆದರು. ಮರುದಿನ ಇಂಗ್ಲಿಷ್ ಸೈನ್ಯದ ಗೌರವಗಳೊಡನೆ ಗುಂಬಜ್‌ನಲ್ಲಿ ತಂದೆತಾಯಿಯರ ಪಕ್ಕದಲ್ಲಿ ದಫನ ನಡೆಯಿತು. ನೋಡಲು ಇದು ಒಡಿಸ್ಯೂಸನ ಔದಾರ್ಯದಂತೆಯೇ ಇದೆ. ಆದರೆ ಹಿಂದಿನ ರಾತ್ರಿ ಅದೇ ಸೈನ್ಯ ಊರನ್ನು ದೋಚಿತ್ತು. ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಲೂಟಿ ನಿಲ್ಲಿಸಲು ಕೆಲವು ಸೈನಿಕರನ್ನು ಗಲ್ಲಿಗೆ ಹಾಕಿಸಬೇಕಾಯಿತು. ಆಮೇಲೆ ಖಜಾನೆಯನ್ನು ಕ್ರಮಬದ್ಧವಾಗಿ ಹಂಚಿಕೊಂಡರು. ಗ್ರಂಥಭಂಡಾರ ಹೋಯಿತು. ಮರದ ಹುಲಿ ಲಂಡನ್ ಸೇರಿತು. ಅರಮನೆಯ ಹೆಂಗಸರು ಮಕ್ಕಳನ್ನು ವೆಲ್ಲೂರಿಗೆ ಸಾಗಿಸಿದರು. 1806ರ ವೆಲ್ಲೂರು ದಂಗೆಯ ನಂತರ ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಕಳಿಸಿದರು. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ಪ್ರಸಿದ್ಧ ಪತ್ತೇದಾರಿ ಕಾದಂಬರಿ ‘ದ ಮೂನ್‌ಸ್ಟೋನ್’ ಶ್ರೀರಂಗಪಟ್ಟಣದ ಲೂಟಿಯಿಂದಲೇ ಆರಂಭವಾಗುತ್ತದೆ. ಸತ್ತ ಸುಲ್ತಾನನಿಗೆ ಗೌರವ ಸಿಕ್ಕಿತು. ಬದುಕಿದ್ದ ಊರಿನವರ ಮನೆಗಳ ಬೀಗ ಮುರಿಯಿತು.

ಕುಂತಿಯ ನೀರಿಗೂ ಇಂಗ್ಲಿಷರ ಗೌರವವಂದನೆಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಕುಂತಿ ತನ್ನದೇನನ್ನೋ ಕಳೆದುಕೊಂಡಳು. ಆಂಟಿಗೊನಿ ಪ್ರಾಣವನ್ನೇ ಕೊಟ್ಟಳು. ಸಹೋದರನನ್ನು ಕಳೆದುಕೊಂಡಿದ್ದ ಈಸ್ಕಿಲಸ್ ಕೂಡ ಸುಲಭದ ದ್ವೇಷವನ್ನು ಬಿಟ್ಟುಕೊಟ್ಟ. ಯೂರಿಪಿಡೀಸ್ ತನ್ನ ಊರಿನವರ ಮೆಚ್ಚುಗೆಯನ್ನು ಪಣಕ್ಕಿಟ್ಟ. ಇಂಗ್ಲಿಷ್ ಸೇನಾಪತಿಗಳು ಏನನ್ನೂ ಕಳೆದುಕೊಳ್ಳಲಿಲ್ಲ. ಹೀಗಾಗಿ ಮರುಕಥನವನ್ನು ಅಳೆಯಲು ಒಂದು ಅಳತೆಗೋಲು ಸಿಗುತ್ತದೆ: ಎದುರಾಳಿಯ ಅಳುವನ್ನು ಬರೆಯುವಾಗ ಬರೆಯುವವನು ತನ್ನ ಪಕ್ಷದ ಯಾವ ಹೆಮ್ಮೆಯನ್ನು ಬಿಟ್ಟುಕೊಟ್ಟಿದ್ದಾನೆ? ಏನನ್ನೂ ಬಿಟ್ಟುಕೊಡದೆ ತೋರಿಸುವ ಕರುಣೆ ಅಗ್ಗದ್ದು.

ನಮ್ಮ ಸರದಿ

ಈ ಅಳತೆಗೋಲನ್ನು ಬೇರೆಯವರ ಮೇಲೆ ಮಾತ್ರ ಇಟ್ಟು ನೋಡಿದರೆ ಸಾಲದು. ಟಿಪ್ಪುವನ್ನು ಪ್ರೀತಿಯಿಂದ ನೆನೆಯುವವರು ಈ ನಾಡಿನಲ್ಲಿ ಬಹಳ ಜನ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಅವನ ಮೇಲೆ ಲಾವಣಿಗಳು ಹುಟ್ಟಿದವು. 1997ರಲ್ಲಿ ಬಿಬಿಸಿ ರೇಡಿಯೊದಲ್ಲಿ ಬ್ರಿಟಿಷರೇ ಕೇಳುವಂತೆ ಗಿರೀಶ ಕಾರ್ನಾಡರು ಅವನ ಕನಸುಗಳ ನಾಟಕವನ್ನು ಬರೆದರು. ಸೋತವನ ಪಕ್ಷದಲ್ಲಿ ನಿಂತ ಈ ನೆನಪಿಗೆ ನ್ಯಾಯವಿದೆ. ಆದರೆ ಶ್ರೀರಂಗಪಟ್ಟಣದಿಂದ ಸ್ವಲ್ಪ ದೂರದಲ್ಲೇ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಇನ್ನೊಂದು ನೆನಪಿದೆ. ಮಂಡ್ಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಆ ದಿನ ತಮ್ಮ ಹಿರಿಯರನ್ನು ಟಿಪ್ಪು ಕೊಲ್ಲಿಸಿದನೆಂದು ಅವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ದಾಖಲೆಗಳ ಬಗ್ಗೆ, ಸಂಖ್ಯೆಯ ಬಗ್ಗೆ, ಕಾರಣದ ಬಗ್ಗೆ ಇತಿಹಾಸಕಾರರು ಚರ್ಚಿಸಲಿ. ಊರೆಲ್ಲ ದೀಪ ಹಚ್ಚುವಾಗ ಒಂದು ಮನೆ ಹಬ್ಬವಿಲ್ಲದೆ ಕೂರುವುದನ್ನು ಚರ್ಚೆಯಲ್ಲಿ ಸೋಲಿಸಿ ಮುಗಿಸಲಾಗದು. ಟಿಪ್ಪುವಿನ ಅಭಿಮಾನಿಯೊಬ್ಬ ಕಾದಂಬರಿ ಬರೆದರೆ ಆ ಕತ್ತಲೆ ಮನೆಯ ಒಳಗೂ ಒಮ್ಮೆ ಹೋಗಬೇಕು. ಅದು ಅವನಿಗೆ ಕಷ್ಟವಾಗುತ್ತದೆ. ಕಷ್ಟವಾಗುವುದರಿಂದಲೇ ಅದಕ್ಕೆ ಬೆಲೆ.

ಟಿಪ್ಪುವನ್ನು ದ್ವೇಷಿಸುವವರ ಪಾಲಿಗೂ ಇದೇ ಮಾತು. ಅವರು ಗುಂಬಜ್‌ನ ಮುಂದೆ, ಒತ್ತೆಯಾಳಾಗಿ ಹೋದ ಅವನ ಪುಟ್ಟ ಮಕ್ಕಳ ಮುಂದೆ, ವೆಲ್ಲೂರಿನ ದಾರಿ ಹಿಡಿದ ಹೆಂಗಸರ ಮುಂದೆ ಒಂದು ಗಳಿಗೆ ನಿಲ್ಲಬೇಕು. ಈಚಿನ ವರ್ಷಗಳಲ್ಲಿ ನಡೆದದ್ದು ಬೇರೆ. 2022ರಲ್ಲಿ ನಾಟಕವೊಂದರ ಮೂಲಕ, 2023ರ ಮಾರ್ಚಿನಲ್ಲಿ ಮಂಡ್ಯದ ಸ್ವಾಗತ ಕಮಾನು ಮತ್ತು ಸಿನಿಮಾ ಪ್ರಕಟಣೆಯ ಮೂಲಕ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಟಿಪ್ಪುವನ್ನು ಕೊಂದರೆಂಬ ಕಥೆಯನ್ನು ಇತಿಹಾಸವೆಂದು ಹರಡಲಾಯಿತು. ಇದಕ್ಕೆ ತಡೆ ಬಂದದ್ದು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದಿಂದ. ಸರಿಯಾದ ಆಧಾರಗಳಿಲ್ಲದೆ ಇದನ್ನು ಮುಂದುವರಿಸಬಾರದೆಂದು ಮಠಾಧೀಶರಾದ ನಿರ್ಮಲಾನಂದನಾಥ ಸ್ವಾಮೀಜಿ ನಿಲುವು ತಳೆದ ಮೇಲೆ ಸಿನಿಮಾವನ್ನು ಕೈಬಿಡಲಾಯಿತು. ತಮ್ಮ ಸಮುದಾಯಕ್ಕೆ ವೀರಪಟ್ಟ ತಂದುಕೊಡುವ ಕಥೆಯನ್ನು ಅದೇ ಸಮುದಾಯದ ಗುರುಗಳು ಬೇಡವೆಂದದ್ದು ಸಣ್ಣ ಸಂಗತಿಯಲ್ಲ.

ಇಲ್ಲಿ ಒಬ್ಬರು ಕೇಳಬಹುದು: ಶ್ರೀಕಂಠಯ್ಯನವರು ಚಿರಂಜೀವಿಯನ್ನು ಸಾಯಿಸಬಹುದಾದರೆ ಇನ್ನೊಬ್ಬರು ಟಿಪ್ಪುವಿಗೆ ಹೊಸ ಕೊಲೆಗಾರರನ್ನು ಯಾಕೆ ಹುಟ್ಟಿಸಬಾರದು? ಅಶ್ವತ್ಥಾಮ ಸತ್ತ ನಾಟಕವನ್ನು ನೋಡಿದವರೆಲ್ಲರಿಗೂ ಮೂಲ ಕಥೆ ಗೊತ್ತು. ಬದಲಾವಣೆ ಕಣ್ಣೆದುರಿಗೇ ಇದೆ, ಯಾಕೆ ಬದಲಿಸಿದರೆಂದು ನೋಡುಗ ಕೇಳಿಕೊಳ್ಳುತ್ತಾನೆ. ಅಂಥ ಬದಲಾವಣೆ ಯೋಚನೆ ಹುಟ್ಟಿಸುತ್ತದೆ. ಇತಿಹಾಸದ ಹೆಸರಿನಲ್ಲಿ ಹುಟ್ಟಿಸಿದ ಹೆಸರುಗಳು ತಾವು ಕಲ್ಪನೆಯೆಂದು ಹೇಳಿಕೊಳ್ಳುವುದಿಲ್ಲ, ನಂಬು ಎಂದು ಕೇಳುತ್ತವೆ. ಒಂದು ಸಮುದಾಯದವರು ಇನ್ನೊಂದು ಸಮುದಾಯದವರನ್ನು ನಾಳೆ ಯಾವ ಕಣ್ಣಿನಿಂದ ನೋಡಬೇಕೆಂಬುದನ್ನು ಅವು ತೀರ್ಮಾನಿಸುತ್ತವೆ. ಪುರಾಣವನ್ನು ಬದಲಿಸುವವನು ಓದುಗನ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾನೆ. ಇತಿಹಾಸವನ್ನು ತಿರುಚುವವನು ಓದುಗನಿಗೆ ತಿಳಿಯದಂತೆ ಅವನ ಜೇಬಿಗೆ ಕೈ ಹಾಕಿರುತ್ತಾನೆ.

ಇಂಥ ಕಥೆಗಳು ಪುಸ್ತಕದಲ್ಲೇ ಉಳಿದುಬಿಡುವುದಿಲ್ಲ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ಸಮಯದಲ್ಲಿ ಗಲಭೆಯಾಗಿ ಅಂಗಡಿಗಳು, ವಾಹನಗಳು ಸುಟ್ಟುಹೋದವು. ಯಾವ ಊರಿನಲ್ಲೇ ಆಗಲಿ, ಗಲಭೆಯ ಮರುದಿನ ಎರಡು ಕಥೆಗಳು ಹುಟ್ಟಿಕೊಳ್ಳುತ್ತವೆ. ಒಂದೊಂದು ಕಥೆಯಲ್ಲೂ ಒಂದೊಂದು ಪಕ್ಷದ ಅಂಗಡಿಗಳು ಮಾತ್ರ ಸುಟ್ಟಿರುತ್ತವೆ. ಒಂದು ಕಥೆಯ ಹೆಂಗಸು ಇನ್ನೊಂದು ಕಥೆಯಲ್ಲಿ ಕಾಣಿಸುವುದೇ ಇಲ್ಲ. ಎರಡೂ ಕಥೆಗಳಲ್ಲಿ ಸುಳ್ಳೇ ಇರಬೇಕೆಂದಿಲ್ಲ. ಹೇಳದೆ ಬಿಟ್ಟದ್ದೇ ಮುಂದಿನ ಗಲಭೆಗೆ ಸೌದೆಯಾಗುತ್ತದೆ.

ಗ್ರೀಕ್ ಪುರಾಣಗಳ ಹೊಸ ಕಾದಂಬರಿಗಳಿಂದ ನಾವು ಕಲಿಯಬೇಕಾದದ್ದು ಗ್ರೀಕ್ ದೇವತೆಗಳ ಹೆಸರುಗಳನ್ನಲ್ಲ. ಕಥೆ ಹೇಳುವಾಗ ಯಾರ ಮನೆಯ ಬಾಗಿಲು ಮುಚ್ಚಿದೆ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಅವು ಕಲಿಸುತ್ತವೆ. ಆ ಅಭ್ಯಾಸ ಬೆಳ್ಳೂರಿನ ಮನೆತನದ ಶ್ರೀಕಂಠಯ್ಯನವರಿಗಿತ್ತು, ಪಂಪ ರನ್ನರಿಗಿತ್ತು, ಗಂಗೆಯ ದಡದಲ್ಲಿ ಬಾಯಿ ಬಿಟ್ಟ ಕುಂತಿಗಿತ್ತು. ಕನ್ನಡದಲ್ಲಿ ಶ್ರೀರಂಗಪಟ್ಟಣದ ಬಗ್ಗೆ ಬರಬೇಕಾದ ಒಂದು ಕಾದಂಬರಿ ಇನ್ನೂ ಬಾಕಿ ಇದೆ. ಅದರಲ್ಲಿ ವೆಲ್ಲೂರಿಗೆ ಹೊರಟ ಗಾಡಿಯೊಳಗಿನ ಹೆಂಗಸು ಇರಬೇಕು, ದೀಪ ಹಚ್ಚದ ಮೇಲುಕೋಟೆಯ ಮನೆಯ ಹೆಂಗಸೂ ಇರಬೇಕು. ಇಬ್ಬರಲ್ಲಿ ಯಾರ ಅಳುವೂ ಇನ್ನೊಬ್ಬಳ ಅಳುವಿಗೆ ಉತ್ತರವಾಗಿ ಬರಬಾರದು. ಅದನ್ನು ಬರೆಯುವವರು ಮುಸ್ಲಿಮರಾದರೆ ಎರಡನೆಯ ಹೆಂಗಸಿನಿಂದ ಶುರು ಮಾಡಲಿ, ಹಿಂದೂಗಳಾದರೆ ಮೊದಲನೆಯವಳಿಂದ.